ಶಿಫ್ಟರ್-ಸ್ಥಾನ-ನಿರ್ಣಯ

ಟಗರಿನ ಕೊಂಬಿನಂತೆ ಮೊದಲು ಮುಂದಕ್ಕೂ, ಅನಂತರ ಕೆಳಕ್ಕೂ, ಕೊನೆಗೆ ಸವಾರನ ಕಡೆಗೂ ಬಾಗಿದ ಹ್ಯಾಂಡಲುಳ್ಳ ಬೈಸಿಕಲ್ಲಿನಲ್ಲಿ ಗೇರು ಬದಲಿಸುವ ಲಿವರು ಎಲ್ಲಿರತಕ್ಕುದೆಂಬ ಪ್ರಶ್ನೆಯು, ಜೀವಕ್ಕೂ ಬ್ರಹ್ಮಕ್ಕೂ ಇರುವ ಸಂಬಂಧವೇನೆಂಬ ಪ್ರಶ್ನೆಯಷ್ಟು ಪ್ರಾಚೀನವಲ್ಲವಾದರೂ, ಭಾನುವಾರದ ಬೆಳಗಿನ ಜಾವದಲ್ಲಿ ಯಲಹಂಕದಿಂದ ನಂದಿಬೆಟ್ಟದತ್ತ ಹೊರಡುವ ಶಿರಸ್ತ್ರಾಣಧಾರಿಗಳ ಗೋಷ್ಠಿಯಲ್ಲಿ ಅದಕ್ಕಿಂತ ಹೆಚ್ಚಿನ ಕಾವಿನಿಂದ ಚರ್ಚಿತವಾಗುತ್ತಿರುವುದರಿಂದ, ಅದನ್ನು ಶಾಸ್ತ್ರೋಕ್ತ ಕ್ರಮದಲ್ಲಿ ವಿಚಾರಿಸುವುದು ಪ್ರಾಪ್ತವಾಗಿದೆ.

ಗೇರೇ ಬೇಡವೆಂಬುದು ಪೂರ್ವಪಕ್ಷ. 1903ರಲ್ಲಿ ಫ್ರಾನ್ಸ್ ಪ್ರದಕ್ಷಿಣೆಯ ಪಂದ್ಯವನ್ನು ಪ್ರಾರಂಭಿಸಿದ ಆಂರಿ ದೆಗ್ರಾಂಜನು ಈ ನಿವೃತ್ತಿಮಾರ್ಗದ ಆಚಾರ್ಯನು. ಆ ಪಂದ್ಯದ ಪ್ರಮುಖ ಸವಾರರಿಗೆ 1937ರವರೆಗೂ ಗೇರು ಬದಲಿಸುವ ಡಿರೇಲರು ನಿಷಿದ್ಧವಾಗಿತ್ತು. ಯಲಹಂಕದ ರೈಲುಗಾಲಿ ಕಾರ್ಖಾನೆಯು 1984ರಿಂದ ಗೇರಿಲ್ಲದ ಚಕ್ರಗಳನ್ನೇ ಎರಕ ಹೊಯ್ಯುತ್ತಿರುವುದನ್ನು ಈ ಪಕ್ಷದವರು ನಿದರ್ಶನವಾಗಿ ಎತ್ತಬಹುದಾದರೂ, ಆ ಚಕ್ರವನ್ನು ಪ್ರಯಾಣಿಕನು ತನ್ನ ಕಾಲಿನಿಂದ ತುಳಿಯಬೇಕಾಗಿಲ್ಲವಾದ ಕಾರಣ ಅದು ದೃಷ್ಟಾಂತಾಭಾಸವೆಂದು ತಳ್ಳಿಹಾಕತಕ್ಕುದು.

ನಿವೃತ್ತಿಯ ಬೆನ್ನಿಗೇ ಹಠಯೋಗವು ಬಂದಿತು. ಇಟಲಿಯ ವಿಚೆಂಜಾ ಪಟ್ಟಣದಲ್ಲಿ 1933ರಲ್ಲಿ ಕಾರ್ಖಾನೆಯನ್ನು ಸ್ಥಾಪಿಸಿದ ತುಲ್ಲಿಯೊ ಕಂಪಾನ್ಯೊಲೊ ಎಂಬಾತನ 'ಕಾಂಬಿಯೊ ಕೊರ್ಸಾ' ಪದ್ಧತಿಯಲ್ಲಿ ಸವಾರನು ಓಡುತ್ತಿರುವ ಸೈಕಲ್ಲಿನ ಮೇಲೆಯೇ ಕೈಯನ್ನು ಹಿಂದಕ್ಕೆ ಚಾಚಿ, ಹಿಂಬದಿಯ ಚಕ್ರದ ಅಚ್ಚನ್ನು ಸಡಿಲಿಸಿ, ಪೆಡಲನ್ನು ಹಿಮ್ಮುಖವಾಗಿ ತುಳಿಯುತ್ತ ಚೈನನ್ನು ಸ್ಥಳಾಂತರಿಸಿ, ಪುನಃ ಅಚ್ಚನ್ನು ಬಿಗಿಯಬೇಕಾಗಿತ್ತು. ಜೀನೊ ಬಾರ್ತಾಲಿಯು 1948ರಲ್ಲಿ ಇದರಿಂದಲೇ ಫ್ರಾನ್ಸನ್ನು ಗೆದ್ದನು. ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಈ ಯೋಗವನ್ನು ಅಭ್ಯಸಿಸಬಯಸುವವರು ಮೊದಲು ಉಯಿಲನ್ನು ಬರೆದಿಡುವುದು ಲೇಸು.

ಅನಂತರ ಲಿವರು ಚೌಕಟ್ಟಿನ ಕೆಳಗೊಳವೆಯ ಮೇಲೆ ನೆಲೆಗೊಂಡಿತು. ಇದು ಶುದ್ಧ ದ್ವೈತ. ಕೈಗೂ ಬ್ರೇಕಿಗೂ, ಕೈಗೂ ಗೇರಿಗೂ, ಬ್ರೇಕಿಗೂ ಗೇರಿಗೂ, ಎಡಗೇರಿಗೂ ಬಲಗೇರಿಗೂ, ಮತ್ತು ಎಲ್ಲಕ್ಕಿಂತ ಮಿಗಿಲಾಗಿ ಸವಾರನಿಗೂ ಅವನ ಸಮತೋಲಕ್ಕೂ ಇರುವ ಪಂಚಭೇದವು ಇಲ್ಲಿ ನಿತ್ಯಸತ್ಯವಾದುದು. 1990ರಲ್ಲಿ ಜಪಾನಿನ ಶಿಮಾನೊ ಕಂಪನಿಯವರು ಬ್ರೇಕಿನ ಲಿವರನ್ನೇ ಒಳಮುಖವಾಗಿ ತಳ್ಳಿದರೆ ಗೇರು ಬದಲಾಗುವುದೆಂದು ಸಾರಿ ಅದ್ವೈತವನ್ನು ಪ್ರತಿಷ್ಠಾಪಿಸಿದರು. ಎರಡು ವರ್ಷಗಳ ತರುವಾಯ ಕಂಪಾನ್ಯೊಲೊ ಮನೆತನದವರು, ಬ್ರೇಕು ಬ್ರೇಕೇ, ಗೇರು ಗೇರೇ, ಆದರೂ ಎರಡೂ ಒಂದೇ ಶರೀರದಲ್ಲಿ ಅಗಲದೆ ವಾಸಿಸತಕ್ಕವು ಎಂದು ವಿಶಿಷ್ಟಾದ್ವೈತವನ್ನು ಬೋಧಿಸಿದರು. ಇವರಿಬ್ಬರೂ ಸಾಲದೆಂದು ಶ್ರಾಮ್ ಎಂಬ ಅಮೆರಿಕದ ಕಂಪನಿಯು ಸ್ಯಾದ್ವಾದವನ್ನು ಹಿಡಿದುಕೊಂಡಿತು: ಒಂದೇ ಲಿವರನ್ನು ಕಿಂಚಿತ್ತು ತಳ್ಳಿದರೆ ಗೇರು ಭಾರವಾಗುವುದು, ಹೆಚ್ಚು ತಳ್ಳಿದರೆ ಹಗುರಾಗುವುದು. 1478 ಮೀಟರು ಎತ್ತರದ ನಂದಿಯ ಕಡೆಯ ತಿರುವುಗಳಲ್ಲಿ, ಅತ್ಯಂತ ಹಗುರವಾದ ಗೇರಿನಲ್ಲಿಯೇ ತಾನಿರುವುದನ್ನು ಮರೆತು ಇನ್ನೂ ಹಗುರಾದುದನ್ನು ಬಯಸಿ ತಳ್ಳುವ ಭಕ್ತನಿಗೆ ಅದು ಒಂದು ಗೇರು ಭಾರವನ್ನು ದಯಪಾಲಿಸುವುದು. ಆ ಕ್ಷಣದಲ್ಲಿ ಅವನಾಡುವ ಮಾತುಗಳನ್ನು ಶಾಸ್ತ್ರಗ್ರಂಥದಲ್ಲಿ ನಮೂದಿಸುವಂತಿಲ್ಲ.

ಇವುಗಳಲ್ಲಿ ಯಾವುದು ಸಾಧುವೆಂಬುದನ್ನು ವಿಚೆಂಜಾದಲ್ಲಿ ಅನುಮಾನ ಪ್ರಮಾಣದಿಂದ ನಿರ್ಣಯಿಸಬಹುದೇನೋ. ಬಳ್ಳಾರಿ ರಸ್ತೆಯಲ್ಲಿ ಪ್ರತ್ಯಕ್ಷ ಮತ್ತು ಶಬ್ದಗಳೆಂಬ ಎರಡೇ ಪ್ರಮಾಣಗಳುಂಟು. ಪ್ರತ್ಯಕ್ಷವೆಂದರೆ ಬಣ್ಣ ಬಳಿಯದ ಹಂಪು. ಶಬ್ದವೆಂದರೆ ಬೆನ್ನಿಗೆ ಬಂದ ಬಸ್ಸಿನ ಹಾರನ್ನು. ಇವೆರಡೂ ಏಕಕಾಲದಲ್ಲಿ ಸಂಭವಿಸುವ ಹೆಬ್ಬಾಳದಂತಹ ಕ್ಷೇತ್ರದಲ್ಲಿ ಬ್ರೇಕಿನಿಂದ ಬೆರಳನ್ನು ಕದಲಿಸುವ ಯಾವ ಸಿದ್ಧಾಂತವೂ ಊರ್ಜಿತವಾಗಲಾರದು. ಆದುದರಿಂದ ಲಿವರು ಬ್ರೇಕಿನ ಬಳಿಯೇ ಇರತಕ್ಕುದೆಂಬುದು ಉತ್ತರ ಬೆಂಗಳೂರಿನ ಸಿದ್ಧಾಂತ. ಯಶವಂತಪುರದ ಅಂಗಡಿಯಿಂದ ನೇರಹ್ಯಾಂಡಲಿನ ಅಗ್ಗದ ಶಿಫ್ಟರನ್ನು ತಂದು ಇಲ್ಲಿ ತೊಡಿಸುವೆನೆಂಬುವನು ಮಾತ್ರ ಅನಧಿಕಾರಿ. ಅದರ ಬಳೆಯ ಒಳವ್ಯಾಸ 22.2 ಮಿಲಿಮೀಟರು, ಕೊಂಬಿನ ಹೊರವ್ಯಾಸ 23.8. ಮೋಕ್ಷಕ್ಕೂ ಸಾಧಕನಿಗೂ ನಡುವೆ 1.6 ಮಿಲಿಮೀಟರಿನ ಅಂತರವು ಸಾಮಾನ್ಯವಾದುದಲ್ಲ.

ಇನ್ನು ವಿಧಿಭಾಗ. ಲಿವರನ್ನು ಮೇಲಕ್ಕೇರಿಸಿದರೆ ಬೆಟ್ಟ ಹತ್ತುವಾಗ ಬೆನ್ನಿಗೆ ಸುಖ. ಆದರೆ ಇಳಿಯುವಾಗ ಕೊಂಬಿನ ಕೆಳಭಾಗವನ್ನು ಹಿಡಿದ ಬೆರಳುಗಳಿಗೆ ಬ್ರೇಕು ನಿಲುಕದೆ, ಬೆನ್ನು ಪಡೆದ ಸುಖದ ಬೆಲೆಯನ್ನು ಮೊಣಕಾಲು ತೆರಬೇಕಾಗುವುದು. ಆದ್ದರಿಂದ ಟೇಪನ್ನು ಬಿಚ್ಚಿ, ಹಿಡಿಯ ರಬ್ಬರನ್ನು ಮಡಚಿ, ಶಿಮಾನೊ ಮತಸ್ಥರಾದರೆ ಹೊರಬದಿಯಲ್ಲಿ ಅವಿತಿರುವ ಬೋಲ್ಟನ್ನು 5 ಮಿಲಿಮೀಟರಿನ ಅಲೆನ್ ಕೀಯಿಂದ ತೆಗೆಯದೆ ಸಡಿಲಿಸಿ, ಕೊಂಬಿನ ತಳಕ್ಕೆ ಶಾಲಾಬಾಲಕನ ಸ್ಕೇಲನ್ನು ಹಿಡಿದು, ಲಿವರಿನ ತುದಿಯು ಅದರ ಆಸುಪಾಸಿನಲ್ಲಿಯೇ ಉಳಿಯುವಂತೆ ತಿರುಗಿಸಿ, 6ರಿಂದ 8 ನ್ಯೂಟನ್-ಮೀಟರಿನಷ್ಟು ಮಾತ್ರ ಬಿಗಿಯತಕ್ಕುದು. ಕೇಬಲಿನ ಹೊರಕವಚವನ್ನು ಅಳೆಯದೆ ಲಿವರನ್ನು ಏರಿಸಿದವನಿಗೆ ಅದು ಗಿಡ್ಡವಾಗಿ, ಹ್ಯಾಂಡಲನ್ನು ತಿರುಗಿಸಿದಾಗಲೆಲ್ಲ ಗೇರು ತಾನಾಗಿಯೇ ಬದಲಾಗುವುದು. ಇದನ್ನು ಸ್ವಯಂಚಾಲಿತ ಗೇರೆಂದು ಹೇಳಿಕೊಂಡು ತಿರುಗುವವರೂ ಇರುವರು.

ಒಂದು ಆಕ್ಷೇಪ ಮಾತ್ರ ಉಳಿಯಿತು. ನಮ್ಮ ದೇಶದ ವಾಡಿಕೆಯಲ್ಲಿ ಮುಂದಿನ ಬ್ರೇಕೂ ಹಿಂದಿನ ಗೇರೂ ಬಲಗೈಯ ಪಾಲಿಗೆ ಬಂದಿರುವಲ್ಲಿ, ಕವಿಗುರು ಠಾಕೂರರ ಹೆಸರನ್ನು ಹೊತ್ತ ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ಬಲಕ್ಕೆ ತಿರುಗಲೆಂದು ಅದೇ ಬಲಗೈಯನ್ನು ಚಾಚಿದವನ ಗತಿಯೇನು? ಅವನು ಕೈಚಾಚುವುದಕ್ಕೆ ಮುಂಚೆಯೇ ಗೇರನ್ನು ಹಗುರ ಮಾಡಿಕೊಂಡು ವೇಗವನ್ನು ತಗ್ಗಿಸಿರತಕ್ಕುದೆಂಬುದು ಸಮಾಧಾನ. ಚಾಚಿದ ಕೈಯನ್ನು ಹಿಂದಿನ ಆಟೋದವನು ನೋಡಿದನೆ, ನೋಡಿಯೂ ಅದಕ್ಕೆ ಅರ್ಥವುಂಟೆಂದು ಒಪ್ಪಿದನೆ ಎಂಬುದು ಈ ಶಾಸ್ತ್ರದ ವ್ಯಾಪ್ತಿಗೆ ಹೊರತಾದುದು.