ನಕಾಶೆಯ ಮೇಲೆ ಸುರಿದ ಮಳೆ

ಹವಾಮಾನ ಇಲಾಖೆಯ ಮಳೆ ನಕಾಶೆಯಲ್ಲಿ ವಾಡಿಕೆಗಿಂತ ಶೇ 20ರಿಂದ 59ರಷ್ಟು ಕಡಿಮೆ ಮಳೆಯಾದ ಜಿಲ್ಲೆಗೆ ಕೆಂಪು ಬಳಿಯುತ್ತಾರೆ. ಶೇ 60ರಿಂದ 99ರಷ್ಟು ಕಡಿಮೆಯಾದರೆ ಹಳದಿ. ಬರ ಏರಿದಷ್ಟೂ ಬಣ್ಣ ತಣ್ಣಗಾಗುತ್ತದೆ! ಒಂದು ಹನಿಯೂ ಬೀಳದಿದ್ದರೆ ಬಿಳಿ. ಶಾಯಿಯ ಖರ್ಚೂ ಇಲ್ಲ. ಕೆಂಪು ಕಂಡರೆ ಸಮಾಧಾನಪಟ್ಟುಕೊಳ್ಳಿ, ಅರಿಶಿನದ ಬಣ್ಣ ಕಂಡರೆ ಎದೆ ಒಡೆದುಕೊಳ್ಳಿ ಎಂದು ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿ ಹೋಬಳಿಯ ರೈತರಿಗೆ ತರಬೇತಿ ಶಿಬಿರವನ್ನು ಇನ್ನೂ ಯಾರೂ ಏರ್ಪಡಿಸಿಲ್ಲ.

ಹಸಿರಂತೂ ಮಹಾ ಉದಾರಿ. ಶೇ 19ರಷ್ಟು ಮೇಲಾದರೂ ಹಸಿರು, ಶೇ 19ರಷ್ಟು ಕೆಳಗಾದರೂ ಹಸಿರು. ನೂರರ ಜಾಗದಲ್ಲಿ 81 ಸುರಿದರೆ ಅದೂ ‘ವಾಡಿಕೆ ಮಳೆ’. ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿಯ ತೇರಿನ ದಿನ ಮುಕ್ತಿ ಬಾವುಟವನ್ನು ಲಕ್ಷಗಳಲ್ಲಿ ಹರಾಜು ಕೂಗುತ್ತಾರಲ್ಲ, ಅಲ್ಲಿ ಕೂಗಿದ್ದರಲ್ಲಿ ಶೇ 19 ಮುರಿದುಕೊಂಡು ‘ವಾಡಿಕೆಯಷ್ಟು ಕಟ್ಟಿದ್ದೀನಿ ಸ್ವಾಮಿ’ ಎಂದು ಯಾರಾದರೂ ಹೇಳಿ ನೋಡಲಿ.

ಇದಕ್ಕಿಂತ ದೊಡ್ಡ ಪವಾಡ ಜಿಲ್ಲಾ ಸರಾಸರಿಯದು. ಹೊಳಲ್ಕೆರೆ ಸೀಮೆಯಲ್ಲಿ ಬಿದ್ದ ಮಳೆ ಕಾಲುವೆ, ಪಂಪು, ಪೈಪು ಯಾವುದರ ಹಂಗೂ ಇಲ್ಲದೆ ನಕಾಶೆಯ ಮೇಲೆ ಹರಿದು ಚಳ್ಳಕೆರೆ, ಮೊಳಕಾಲ್ಮುರು ತಲುಪುತ್ತದೆ. ಭದ್ರಾ ಮೇಲ್ದಂಡೆಗಿಂತ ಮೊದಲೇ ಪೂರ್ಣಗೊಂಡ ನೀರಾವರಿ ಯೋಜನೆ ಇದೊಂದೇ. ಹಂಗಾಮಿನ ಒಟ್ಟು ಮಳೆ ತೋರಿಸುವ ಬಾರ್ ಚಾರ್ಟೂ ಕಡಿಮೆಯದ್ದಲ್ಲ. ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಕೈಕೊಟ್ಟ ಮಳೆ, ಗಿಡ ಒಣಗಿದ ಮೇಲೆ ಒಂದೇ ರಾತ್ರಿ ಸುರಿದು ಲೆಕ್ಕ ಸರಿಮಾಡುತ್ತದೆ. ಕಂಬ ಎದ್ದು ನಿಲ್ಲುತ್ತದೆ. ಗಿಡ ಏಳುವುದಿಲ್ಲ.

2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರದ ಪಟ್ಟಿ ಸೇರಿದವು. ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಎರಡೂ ಅದರಲ್ಲಿದ್ದವು. ಕೇಂದ್ರದ 2016ರ ಬರ ಕೈಪಿಡಿ ಮಳೆಯ ಕೊರತೆಯ ಜೊತೆಗೆ ಉಪಗ್ರಹ ಕಂಡ ಹಸಿರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆ ವರ್ಷ ‘ಹಸಿರು ಬರ’ ಎಂಬ ಮಾತು ವಿಧಾನಸೌಧದವರೆಗೂ ಹೋಗಿದ್ದು ಇದರಿಂದಲೇ. ಮೇಲಿನಿಂದ ನೋಡಿದರೆ ಹೊಲ ಹಸಿರು, ಬದುವಿನ ಬಳ್ಳಾರಿ ಜಾಲಿಯೂ ಹಸಿರು. ಶೇಂಗಾ ಗಿಡದ ಬುಡ ಹಿಡಿದು ಕಿತ್ತರೆ ಬೇರಿಗೆ ಅಂಟಿದ ಮಣ್ಣು, ಒಂದೆರಡು ಬಿಳಿಚಿದ ಕಾಯಿ. ಬೆರಳಲ್ಲಿ ಹಿಸುಕಿದರೆ ಪಿಚ್ಚನೆ ಒಡೆಯುತ್ತದೆ, ಒಳಗೆ ಬೀಜವಿಲ್ಲ. ಇದಕ್ಕೆ ಯಾವ ಬಣ್ಣ? ಕೆಳಗಿಳಿದು ನೋಡಿದರಲ್ಲವೇ ಗೊತ್ತಾಗುವುದು. ಹತ್ತಿರದ ಡಿಆರ್‌ಡಿಒ ಪರೀಕ್ಷಾ ನೆಲೆಯ ರನ್‌ವೇಗೆ 2024ರ ಮಾರ್ಚ್ 22ರಂದು ಇಸ್ರೊದ ಮರುಬಳಕೆ ವಾಹನ ‘ಪುಷ್ಪಕ್’ ನಾಲ್ಕೂವರೆ ಕಿಲೋಮೀಟರ್ ಎತ್ತರದಿಂದ ತಾನಾಗಿಯೇ ಬಂದು ಕರಾರುವಾಕ್ಕಾಗಿ ಇಳಿಯಿತು. ಆಕಾಶದಿಂದ ನೆಲಕ್ಕೆ ಬರುವುದು ಅಸಾಧ್ಯವೇನಲ್ಲ ಎಂದಾಯಿತು.

ಇನ್ನು ಪರಿಹಾರದ ಚಿತ್ರಕಲೆ. ರಾಜ್ಯ ಕೇಳಿದ್ದು 18,171 ಕೋಟಿ ರೂಪಾಯಿ. ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ ಮೇಲೆ 2024ರ ಏಪ್ರಿಲ್‌ನಲ್ಲಿ ಬಂದಿದ್ದು 3,454 ಕೋಟಿ. ದೆಹಲಿಯವರು ಎರಡನೆಯದನ್ನು ಒಂಟಿಯಾಗಿ ನಿಲ್ಲಿಸಿದರೆ ಅದು ಚಿತ್ರದುರ್ಗದ ಬತೇರಿ. ಬೆಂಗಳೂರಿನವರು ಎರಡನ್ನೂ ಅಕ್ಕಪಕ್ಕ ನಿಲ್ಲಿಸಿದರೆ ಮೋಟುಗೋಡೆ. ಆದರೆ ಬೆಂಗಳೂರಿಗೆ ತಾನು ಕೊಟ್ಟ ಮೊದಲ ಕಂತಿನ ಚಿತ್ರ ಬರೆಯುವಾಗ ಅಕ್ಕಪಕ್ಕದ ಸಹವಾಸ ಬೇಡ. ಒಬ್ಬ ರೈತನಿಗೆ ಗರಿಷ್ಠ 2,000 ರೂಪಾಯಿ. ಬಿತ್ತನೆ ಬೀಜ, ಗೊಬ್ಬರ, ಆಳಿನ ಕೂಲಿಯ ಪಕ್ಕ ನಿಂತರೆ ಆ ಕಂಬ ಕಣ್ಣಿಗೇ ಬೀಳದು. ಫಲಾನುಭವಿಗಳ ಸಂಖ್ಯೆ ಲಕ್ಷಗಳಲ್ಲಿದೆ, ಅದನ್ನೇ ನಿಲ್ಲಿಸಿದರಾಯಿತು. ಅಂಕಿಗೆ ಯಾವ ಅಂಗಿ ತೊಡಿಸಬೇಕೆಂದು ತೀರ್ಮಾನಿಸುವವರು ಯಾವಾಗಲೂ ದುಡ್ಡು ಕೊಡಬೇಕಾದವರೇ. ಅಂದಹಾಗೆ, 1786ರಲ್ಲಿ ಬಾರ್ ಚಾರ್ಟ್ ಅಚ್ಚು ಹಾಕಿಸಿದ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಸಾಲ ತೀರಿಸಲಾಗದೆ ಲಂಡನ್ನಿನ ಜೈಲು ಕಂಡವನು. ಶೇಂಗಾ ಬೆಳೆದವರಿಗೆ ದೂರದ ನೆಂಟನೇ.

1801ರಲ್ಲಿ ಪೈ ಚಾರ್ಟ್ ಕೊಟ್ಟಿದ್ದೂ ಅವನೇ. ಭದ್ರಾ ಮೇಲ್ದಂಡೆಗೆ ಇದು ಹೇಳಿ ಮಾಡಿಸಿದ್ದು. 2023–24ರ ಕೇಂದ್ರ ಬಜೆಟ್‌ನಲ್ಲಿ 5,300 ಕೋಟಿ ಘೋಷಣೆಯಾಯಿತು. ಹಣ ಬರಲಿಲ್ಲವೆಂದು ರಾಜ್ಯ ಸರ್ಕಾರ ದೂರಿದ್ದೂ ಆಯಿತು. ಪೈ ಚಾರ್ಟ್‌ನ ಸೌಕರ್ಯವೆಂದರೆ ಯಾರ ಪಾಲು ಶೇ ಎಷ್ಟು ಎಂದಷ್ಟೇ ಅದು ಹೇಳುತ್ತದೆ; ಒಟ್ಟು ಎಷ್ಟಿದೆ ಎಂದು ಬಾಯಿ ಬಿಡುವುದಿಲ್ಲ. ಚಳ್ಳಕೆರೆಗೊಂದು ಹೋಳು, ಮೊಳಕಾಲ್ಮುರಿಗೊಂದು ಹೋಳು, ಬಣ್ಣ ಬಣ್ಣವಾಗಿ ಕೊಯ್ದು ಹಂಚಬಹುದು. ಸೊನ್ನೆಯೂ ದುಂಡಗೇ ಇರುತ್ತದಲ್ಲ.