ಇಂಗಿನ ಡಬ್ಬಿ ತಿರುಗಿಸಿ ನೋಡಿ ಅಕ್ಕಾ

ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಿನ್ನೆ ಬೇಲಿ ಮೇಲಿಂದ ಕೊಟ್ರಲ್ಲ ಮೆಣಸಿನ ಸಾರು, ಅದನ್ನ ತಂಗಿಗೆ ಬಡಿಸಲಿಲ್ಲ. ಘಮಘಮ ಅಂತಿತ್ತು, ನಾವೆಲ್ಲ ಕುಡಿದು ಮುಗಿಸಿದ್ವಿ. ಅವಳಿಗೆ ಮಾತ್ರ ಬೇಡ ಅಂದೆ. ಅದರಲ್ಲಿದ್ದ ಇಂಗಿಗೆ ಹೆದರಿದೆ.

ಭದ್ರಾವತಿಯಿಂದ ಬಂದಾಗಿಂದ ಅವಳ ಮೂಗು ಕಟ್ಟಿದೆ, ಹಣೆ, ಕೆನ್ನೆ ಎಲ್ಲ ಭಾರ. ಅಲ್ಲಿ ಜನ್ನಾಪುರದ ಅವಳ ಮನೆ ಪಕ್ಕ ಖಾಲಿ ಸೈಟ್ ತುಂಬ ಕಾಂಗ್ರೆಸ್ ಗಿಡ ಹೂ ಬಿಟ್ಟಿದೆಯಂತೆ. ಅವಳ ಅತ್ತೆ ಊರಲ್ಲಿ ಅಡಿಕೆ ಸುಲಿಯೋ ಧೂಳು ಬೇರೆ. ನಾವಾದ್ರೆ ಒಂದು ಮಾತ್ರೆ ನುಂಗಿ ಮಲಗ್ತೀವಿ. ಅವಳಿಗೆ ಸೀಲಿಯಾಕ್ ಇದೆಯಲ್ಲ, ಗೋಧಿ, ಬಾರ್ಲಿಯಲ್ಲಿರೋ ಗ್ಲುಟೆನ್ ಹೊಟ್ಟೆಗೆ ಹೋದ್ರೆ ಅವಳ ದೇಹವೇ ಅವಳ ಸಣ್ಣ ಕರುಳನ್ನ ಹಾಳು ಮಾಡುತ್ತೆ. ಚೂರು ತಾನೇ ಅನ್ನೋ ಹಾಗಿಲ್ಲ. ಪ್ಯಾಕೆಟ್ ಮೇಲೆ ಗ್ಲುಟೆನ್ ಇಲ್ಲ ಅಂತ ಬರೀಬೇಕಾದ್ರೆ ಕೆ.ಜಿ.ಗೆ 20 ಮಿಲಿಗ್ರಾಂ ಮೀರಬಾರದು ಅಂತ ನಮ್ಮಲ್ಲೂ ನಿಯಮ ಇದೆ.

ಹೊಸ ಕಾಯಿಲೆ ಅಂತೀರಾ? ಅಲ್ಲ ಅಕ್ಕಾ. 1944-45ರ ಬರದಲ್ಲಿ ಹಾಲೆಂಡಲ್ಲಿ ಬ್ರೆಡ್ಡೇ ಸಿಗದಿದ್ದಾಗ ಇಂಥ ಮಕ್ಕಳು ಚೇತರಿಸಿಕೊಂಡಿದ್ದನ್ನ ಡಿಕ್ಕೆ ಅನ್ನೋ ಮಕ್ಕಳ ಡಾಕ್ಟ್ರು ಗಮನಿಸಿದ್ರು.

ಅನ್ನ ಉಣ್ಣೋ ಊರಲ್ಲಿ ಏನು ಕಷ್ಟ ಅಂತ ನಾನೂ ಅಂದ್ಕೊಂಡಿದ್ದೆ. ಅಕ್ಕಿ ರೊಟ್ಟಿ, ಕಡುಬು, ಮುದ್ದೆ ಎಲ್ಲ ಆಗುತ್ತೆ. ಆದ್ರೆ ಹುಷಾರು ತಪ್ಪಿದಾಗ ಕೊಡೋದ್ರಲ್ಲೇ ಗೋಧಿ ಸೇರಿರುತ್ತೆ. ಇಂಗಿನ ಡಬ್ಬಿ ತಿರುಗಿಸಿ ಓದಿ. ನಮ್ಮದರ ಹಿಂದೆ ಸಣ್ಣ ಅಕ್ಷರದಲ್ಲಿ ಗೋಧಿ ಹಿಟ್ಟು ಅಂತಿತ್ತು. ಅಸಲಿ ಇಂಗು ಗಿಡದ ಬೇರಿನ ಅಂಟು, ವಿಪರೀತ ಘಾಟು, ಅದಕ್ಕೇ ಹಿಟ್ಟು, ಗೋಂದು ಬೆರೆಸಿ ಮಾರ್ತಾರೆ. ಹಾರ್ಲಿಕ್ಸಲ್ಲೂ ಬಾರ್ಲಿ, ಗೋಧಿ ಎರಡೂ ಇದೆ.

ಮಾತ್ರೆದು ಇನ್ನೊಂದು ಕಥೆ. ಮೊನ್ನೆ ಮೆಡಿಕಲ್ ಶಾಪಲ್ಲಿ ಅರ್ಧ ಗಂಟೆ ನಿಂತೆ. ಅಲರ್ಜಿಗೆ ಕೊಡೋ ಸೆಟ್ರಿಜಿನ್ ಸ್ಟ್ರಿಪ್ ಮೇಲೆ ಔಷಧದ ಹೆಸರಿದೆ, ಪ್ರಮಾಣ ಇದೆ, ಉಳಿದಿದ್ದಕ್ಕೆಲ್ಲ ಒಂದೇ ಪದ, ಎಕ್ಸಿಪಿಯೆಂಟ್ಸ್. ಮಾತ್ರೆ ಗಟ್ಟಿ ಕೂರೋಕೆ ಹಾಕೋ ಸ್ಟಾರ್ಚ್ ಅದರಲ್ಲೇ ಸೇರಿಹೋಗುತ್ತೆ. ಹೆಚ್ಚಾಗಿ ಅದು ಮೆಕ್ಕೆಜೋಳದ್ದು, ಶಿಕಾರಿಪುರದ ಕಡೆ ಬೆಳೀತಾರಲ್ಲ, ಅದರಿಂದ ಅವಳಿಗೇನೂ ಆಗಲ್ಲ. ಆದ್ರೂ ಕೇಳದೆ ಹೇಗೆ ಕೊಡೋದು? ಅಂಗಡಿ ಹುಡುಗ ಪುಣ್ಯಾತ್ಮ, ಕಂಪನಿಗೇ ಫೋನ್ ಮಾಡಿದ. ಮೆಕ್ಕೆಜೋಳ ಅಂದ್ರು. ಕಂಪನಿ ಹೆಸರು ಕ್ಯಾಲೆಂಡರ್ ಮೇಲೆ ಬರೆದಿಟ್ಟಿದೀನಿ. ಔಷಧ ಅದೇ ಆದ್ರೂ ಕಂಪನಿ ಬದಲಾದ್ರೆ ಮತ್ತೆ ಕೇಳಬೇಕು.

ಡಾಕ್ಟ್ರು ಮೂಗಿಗೆ ಸ್ಪ್ರೇ ಕೊಟ್ಟಿದಾರೆ, ಅದಕ್ಕೆ ಸ್ಟಾರ್ಚ್ ಬೇಕಾಗಲ್ಲ. ಉಪ್ಪುನೀರಲ್ಲಿ ಮೂಗು ತೊಳ್ಕೊಳ್ತಾಳೆ, ನಲ್ಲಿ ನೀರು ಹಾಗೇ ಅಲ್ಲ, ಕುದಿಸಿ ಆರಿಸಿದ್ದು. ರಾತ್ರಿ ಓಮ ಹುರಿದು ಬಟ್ಟೇಲಿ ಗಂಟು ಕಟ್ಟಿ ಕೊಡ್ತೀನಿ, ಮೂಸ್ತಾ ಮೂಸ್ತಾ ನಿದ್ದೆ ಹೋಗ್ತಾಳೆ. ಕಷಾಯದ ಪುಡಿ ಮಾತ್ರ ಗಿರಣಿಗೆ ಕಳಿಸಲ್ಲ. ಹಿಂದಿನವರ ಗೋಧಿ ಹಿಟ್ಟು ಅಲ್ಲೇ ಅಂಟಿರುತ್ತೆ. ಕೊತ್ತಂಬರಿ, ಜೀರಿಗೆ, ಮೆಣಸು ಆರಿಸಿ, ಹುರಿದು ಮನೇಲೇ ಪುಡಿ ಮಾಡ್ತೀನಿ.

ನಾಳೆ ಇನ್ನೊಂದ್ಸಲ ಸಾರು ಮಾಡ್ತೀರಾ ಅಕ್ಕಾ? ನಿಮ್ಮ ಕೈಯಡುಗೆ ಅಂದ್ರೆ ಅವಳಿಗೆ ಪ್ರಾಣ. ಇಂಗಿನ ಬದಲು ಬೆಳ್ಳುಳ್ಳಿ ಒಗ್ಗರಣೆ ಕೊಡಿ, ಪುಡಿ ನಮ್ಮನೇದೇ ಹಾಕಿ. ಚಪಾತಿ ಹಿಟ್ಟು ಕಲಸೋಕೆ ಮುಂಚೆ ಮಾಡಿಬಿಟ್ರೆ ಇನ್ನೂ ಒಳ್ಳೇದು. ಪಾತ್ರೆ, ಸೌಟು ಬೆಳಿಗ್ಗೆನೇ ತಂದುಕೊಡ್ತೀನಿ, ಅವಳದ್ದೇ ಬೇರೆ ಇಟ್ಟಿದೀನಿ.