ಕೊಕ್ಕರೆಯ ಊಟ, ಕ್ಯಾಮೆರಾದ ಉಪವಾಸ

ತುಂಗಭದ್ರಾ ಜಲಾಶಯದ ಹಿನ್ನೀರು ಇಳಿದು ಕೆಸರು ಬಯಲಾದಾಗ ಹೊಸಪೇಟೆಯ ಛಾಯಾಗ್ರಾಹಕರು ಅಂಗಿಯ ಹಂಗು ತೊರೆದು ಹೊಟ್ಟೆಯ ಮೇಲೆ ಮಲಗುವುದಕ್ಕೆ ಶಾಸ್ತ್ರೀಯ ಕಾರಣವಿದೆ: ಮಸೂರವು ಹಕ್ಕಿಯ ಕಣ್ಣಿನ ಮಟ್ಟಕ್ಕಿಳಿದರೆ ಹಿನ್ನೆಲೆ ದೂರ ಸರಿದು ಮಸುಕಾಗಿ, ಹಕ್ಕಿಯೊಂದೇ ಎದ್ದು ಕಾಣುತ್ತದೆ. ಬಣ್ಣದ ಕೊಕ್ಕರೆಯು ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಅದ್ದಿ, ಮೀನು ತಗುಲಿದೊಡನೆ ಕಣ್ಣಿನ ನೆರವಿಲ್ಲದೆಯೇ ಮುಚ್ಚಿಬಿಡುವುದರಿಂದ, ಕಣ್ಣಿಟ್ಟು ಕಾದವರಿಗೆ ದಕ್ಕುವುದು ಬಹುಮಟ್ಟಿಗೆ ನೀರಿನ ಉಂಗುರಗಳೇ. ಷಟರ್ ವೇಗವನ್ನು, ಅಂದರೆ ಬೆಳಕು ಒಳಹೋಗುವ ಅವಧಿಯನ್ನು, ಸೆಕೆಂಡಿನ 1/2000 ಭಾಗಕ್ಕೆ ಇಳಿಸಿದರೆ ಹನಿಗಳಾದರೂ ನಿಂತು ಪೋಸು ಕೊಡುತ್ತವೆ. ಕಂಪ್ಲಿಯ ಗದ್ದೆಯ ಬೆಳ್ಳಕ್ಕಿಗೆ ಎಕ್ಸ್‌ಪೋಷರನ್ನು, ಎಂದರೆ ಒಟ್ಟು ಬೆಳಕನ್ನು, ತುಸು ತಗ್ಗಿಸದಿದ್ದರೆ ಗರಿಗಳೆಲ್ಲ ಸುಣ್ಣ ಬಳಿದ ಗೋಡೆಯಾಗುತ್ತವೆ. ಬಳಿಕ ಕಂಪ್ಯೂಟರಿನಲ್ಲಿ ಅಂಚು ಕತ್ತರಿಸುವುದೂ ನೆರಳು ತಿಳಿಯಾಗಿಸುವುದೂ ಸರಿಯೇ. ಖಾಲಿ ಕೊಕ್ಕಿಗೆ ಮೀನನ್ನು ಅಂಟಿಸಿದರೆ ಮಾತ್ರ ಅದನ್ನು ಛಾಯಾಗ್ರಹಣವೆನ್ನದೆ ಅನ್ನದಾನವೆಂದು ವರ್ಗೀಕರಿಸುವುದು ಯುಕ್ತ.